ಜೈನೊಲ್ಲಾನ ಚಮಚ

ಆ ಪೆಟ್ಟಿಗೆ ಒಂದು ಗಳಿಗೆ ಆಚೆ ಇಡು, ಮಗಳೇ.
ಮೊದಲು ಚಹಾ. ಹಾಲು ಹಾಕಿದ್ದು, ಚಿಟಿಕೆ ಉಪ್ಪು.
ಕುಡಿಯಬಹುದೋ ಕೂಡದೋ ಎಂದು
ನಿನ್ನ ಮುಖ ಲೆಕ್ಕ ಹಾಕುತ್ತಿದೆ. ಹಾಕಲಿ.
ನಾನು ಎಪ್ಪತ್ತು ವರ್ಷ ಇದೇ ನೀರು ಕುಡಿದವಳು.

ನಮ್ಮೂರಿಗೆ ಯುದ್ಧ ಬಂದದ್ದು ಎತ್ತಿನ ಮೇಲೆ.
ಕುದುರೆಗಳೆಲ್ಲ ದಂಡಿಗೆ ಹೋಗಿದ್ದವು,
ಅಂಚೆಯ ತೆಮಿರ್ಬೊಲಾತನಿಗೆ ಒಂದು ಕಾಲು ಗಿಡ್ಡ,
ಅದಕ್ಕೇ ಊರಲ್ಲಿ ಉಳಿದ ಗಂಡಸು.
ಹುಲ್ಲುಗಾವಲು ಬಟಾಬಯಲು, ದೂರದಿಂದಲೇ ಕಾಣುತ್ತಿದ್ದ.
ಸಾವು ಬರುತ್ತಿದೆಯೆಂದು ಅರ್ಧ ದಿನ ಮೊದಲೇ ಗೊತ್ತು,
ಯಾರ ಮನೆಗೆ ಎಂಬುದೊಂದು ಬಿಟ್ಟು.
ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನೂ ಹಾಕಿಕೊಂಡೆ.
ಅವನು ಹೊರಗೆ ಕೂತು ಅತ್ತ. ಆಮೇಲೆ ತೆರೆದೆ.

ಕರಿ ಕಾಗದ ಅನ್ನುತ್ತಿದ್ದೆವು. ನೋಡಿದರೆ ಹಳದಿ.
ಸುಳಿವಿಲ್ಲದೆ ಕಾಣೆ, ಎಂದಿತ್ತು.
ಸತ್ತ ಎಂದಿದ್ದರೆ ಅಳಬಹುದು,
ಕುರಿ ಕೊಯ್ದು ಊರಿಗೆ ಉಣಿಸಬಹುದು.
ಕಾಣೆಯಾದವನಿಗೆ ಏನು ಮಾಡುತ್ತಾರೆ?
ಅತ್ತೆ ಪ್ರತಿ ಊಟಕ್ಕೂ ಒಂದು ಬಟ್ಟಲು ಹೆಚ್ಚಿಗೆ ಇಟ್ಟರು.
ಚಮಚ ಇಡಲಿಲ್ಲ. ಚಮಚ ಅವನೇ ಒಯ್ದಿದ್ದ,
ಬೂಟಿನೊಳಗೆ ಸಿಕ್ಕಿಸಿಕೊಂಡು.

ಗೆದ್ದೆವು ಅಂದರು. ಕುಣಿದೆ ಕೂಡ, ಸುಳ್ಳು ಯಾಕೆ.
ಜೊತೆಗೆ ಗೆದ್ದವರೇ ಈಗ ಹಗೆ ಎಂದು
ಎರಡು ವರ್ಷಕ್ಕೆ ರೇಡಿಯೋ ಹೇಳಿತು.
ಅಮೆರಿಕ ಎಲ್ಲಿದೆ ಎಂದು ಮೇಷ್ಟರನ್ನು ಕೇಳಿದೆ.
ಪಟದಲ್ಲಿ ತೋರಿಸಿದರು. ನಮ್ಮೂರು ತೋರಿಸಿ ಅಂದೆ.
ಅದು ಆ ಪಟದಲ್ಲಿ ಇರಲಿಲ್ಲ.

ಒಂದು ಆಗಸ್ಟಿನಲ್ಲಿ ಸೈನಿಕರು ಬಂದರು, ಒಳ್ಳೇ ಹುಡುಗರು,
ಒಬ್ಬ ನನ್ನ ಮಗನಿಗೆ ಸಕ್ಕರೆ ತುಂಡು ಕೊಟ್ಟ.
ಅಕ್ಕಾ, ಮನೆ ಹಳೇದು, ಬಿದ್ದೀತು, ಹೊರಗೆ ಬನ್ನಿ.
ಹಳ್ಳದಲ್ಲಿ ಬೋರಲು ಮಲಗಿ. ನೋಡಬೇಡಿ.
ಮಗನ ಮೇಲೆ ಕಂಬಳಿ ಎಳೆದೆ, ಕಣ್ಣಿಗೆ ಕೈ ಅಡ್ಡ ಹಿಡಿದೆ.
ಕೈಯೊಳಗಿನ ಎಲುಬು ಕಂಡವು,
ಐದು ಬೆರಳಿನವೂ, ತೊಳೆದು ಒಣಗಲಿಟ್ಟ ಹಾಗೆ.
ಆಮೇಲೆ ನೆಲ ಮಗ್ಗುಲು ಬದಲಿಸಿತು.
ನಾಯಿಗಳು ಮೂರು ದಿನ ಬೊಗಳಲಿಲ್ಲ.

ಕಿಟಕಿ ಗಾಜು ಒಡೆದಿತ್ತು. ವಾರದೊಳಗೆ ಬಂದು
ಅಳತೆ ತೆಗೆದು ಹೊಸದು ಕೂರಿಸಿದರು,
ರಸೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು.
ಸರ್ಕಾರ ಪ್ರಾಮಾಣಿಕ. ಗಾಜಿನ ವಿಷಯದಲ್ಲಿ.

ಪೇಟೆಯಲ್ಲಿ ಆಸ್ಪತ್ರೆ ತೆರೆದರು,
ಕುರಿಯಿಂದ ಬರುವ ಜ್ವರಕ್ಕೆ ಎಂದು ಬೋರ್ಡು.
ನಮಗೆ ಜ್ವರ ಇರಲಿಲ್ಲ. ರಕ್ತ ತೆಗೆದರು.
ಮಗನದು ವರ್ಷಕ್ಕೆ ಎರಡು ಸಲ. ಔಷಧಿ ಇಲ್ಲ.
ಹಲ್ಲು ಉದುರಿದಾಗ ಡಾಕ್ಟರಮ್ಮ ಬರೆದುಕೊಂಡರು,
ಕೂದಲು ಉದುರಿದಾಗ ಬರೆದುಕೊಂಡರು,
ಅಕ್ಷರ ಮುತ್ತು ಪೋಣಿಸಿದ ಹಾಗೆ.
ಇಪ್ಪತ್ತೆರಡು ಅವನಿಗೆ. ಹೆಸರು ಕಾಬ್ದೆನ್.
ನಿನ್ನ ಪುಸ್ತಕದಲ್ಲಿ ಹೆಸರಿಗೆ ಜಾಗ ಇದ್ದರೆ ಬರೆ.
ಇಲ್ಲವಾದರೆ ಬೇಡ, ಅಂಕಿ ಅವರ ಹತ್ತಿರ ಇದೆ.

ಹಗೆಯ ನಾಡಲ್ಲೂ ಒಂದು ಮರುಭೂಮಿ ಇತ್ತಂತೆ, ಅಲ್ಲೂ ಕುರಿಗಳು.
ಒಮ್ಮೆ ಸಭೆಗೆ ಅಲ್ಲಿಂದೊಬ್ಬಳು ಬಂದಿದ್ದಳು, ನನ್ನ ವಯಸ್ಸು.
ಮರಿಗಳು ಉಣ್ಣೆಯಿಲ್ಲದೆ ಹುಟ್ಟಿದ್ದನ್ನು
ದುಭಾಷಿ ಬಾಯಿ ತೆರೆಯುವ ಮೊದಲೇ
ಅವಳ ಕೈ ಹೇಳಿತು.
ಅವಳ ಗಂಡನೂ ಅದೇ ಯುದ್ಧಕ್ಕೆ ಹೋದವನು. ಅದೇ ಕಡೆ.

ಹೋದ ವಸಂತದಲ್ಲಿ ಇದು ಬಂತು, ಡಬ್ಬಿಯೊಳಗೆ.
ರಶಿಯಾದ ಜವುಗಿನಲ್ಲಿ ಎಲುಬು ಹೆಕ್ಕುವ ಹುಡುಗರಿದ್ದಾರಂತೆ,
ಬೂಟಿನಲ್ಲಿ ಸಿಕ್ಕಿತಂತೆ.
ಹಿಡಿಯ ಮೇಲೆ ಮೊಳೆಯಿಂದ ಗೀಚಿದ ಹೆಸರು,
ಮೊದಲ ಅಕ್ಷರ ತಿರುಗಾಮುರುಗಾ.
ಯಾವಾಗಲೂ ಹಾಗೇ ಬರೆಯುತ್ತಿದ್ದ ಪುಣ್ಯಾತ್ಮ.
ಐವತ್ತು ವರ್ಷಕ್ಕೆ ಕುರಿ ಕೊಯ್ದೆ. ಅತ್ತೆ ಇರಬೇಕಿತ್ತು.

ಈಗ ತಾ ನಿನ್ನ ಪೆಟ್ಟಿಗೆ. ಮೊದಲು ಇದರ ಮೇಲೆ ಹಿಡಿ.
ನೋಡು, ಯುದ್ಧದಿಂದ ಬಂದದ್ದು. ಮಾತಿಲ್ಲ.
ಇನ್ನು ಹೊಸ್ತಿಲ ಮೇಲೆ ಹಿಡಿ.
ಒಲೆಯ ಬೂದಿಯ ಮೇಲೆ.
ಕೇಳಿಸಿತೇ?
ಬಾಣಲೆಯಲ್ಲಿ ನವಣೆ ಹುರಿದ ಹಾಗೆ.

ಚಹಾ ಆರುತ್ತಿದೆ.
ಕಲಕಲು ಚಮಚ ಬೇಕಾ?